ಸಾದಾ ರೇಷ್ಮೆಯ ಸಣ್ಣ ಪಟ್ಟೆ ಕಣ್ಣಿಗೆ ಸಿಗುತ್ತೆ, ಕ್ಯಾಮೆರಾಗೆ ಯಾಕೆ ಸಿಗ್ತಿಲ್ಲ?

ನೂಲೆಳೆ (ದೊಡ್ಡಬಳ್ಳಾಪುರ)

ಎಲ್ಲರಿಗೂ ನಮಸ್ಕಾರ. ನಮ್ಮದು ಪವರ್‌ಲೂಮ್ ಮನೆ. ಅಪ್ಪ, ಚಿಕ್ಕಪ್ಪ ಮಗ್ಗ ನೋಡ್ಕೋತಾರೆ. ನಾನು ಎಂಜಿನಿಯರಿಂಗ್ ಮುಗಿಸಿ, ಬಟ್ಟೆ ನೋಡೋ ಟೇಬಲ್ ಮೇಲೆ ಕ್ಯಾಮೆರಾ ಕೂರಿಸೋ ಕೆಲಸ ಹಿಡ್ಕೊಂಡಿದ್ದೀನಿ.

ಬಟ್ಟೆ ಬಣ್ಣ ಹಾಕದ ಸಾದಾ ರೇಷ್ಮೆ. ಹೊಕ್ಕು (ಅಡ್ಡಕ್ಕೆ ಹಾಯೋ ನೂಲು) ಸೆಂಟಿಮೀಟರ್‌ಗೆ 40 ಎಳೆ. ಕ್ಯಾಮೆರಾ ಬಣ್ಣದ್ದು, 5 ಮೆಗಾಪಿಕ್ಸೆಲ್, 2448×2048. ಒಂದು ಚಿತ್ರದಲ್ಲಿ 30 ಸೆಂ.ಮೀ. ಅಗಲ ಬರುತ್ತೆ. ಮೇಲಿಂದ ಎರಡು ಎಲ್‌ಇಡಿ ಟ್ಯೂಬ್.

ಎಣ್ಣೆ ಕಲೆ, ತೂತು, ದೊಡ್ಡ ಗಂಟು ಎಲ್ಲ ಸಿಗ್ತವೆ. ಸಿಗದೇ ಇರೋದು ಹೊಕ್ಕಿನ ಪಟ್ಟೆ. ಕೆಲವು ಮಿಲಿಮೀಟರ್ ಎಳೆಗಳು ಒತ್ತಾಗಿ ಕೂತಿರ್ತವೆ, ಇಲ್ಲ ಸಡಿಲ ಆಗಿರ್ತವೆ. ಇನ್ನು ಕೆಲವು ಕಡೆ ಒಂದೇ ಒಂದು ಹೊಕ್ಕಿನ ಎಳೆ ತಪ್ಪಿರುತ್ತೆ. ಚಿಕ್ಕಪ್ಪ ಬಟ್ಟೆನ ಕಿಟಕಿ ಕಡೆ ಎತ್ತಿ ಒಂಚೂರು ಓರೆ ಮಾಡಿದ ತಕ್ಷಣ "ಇಲ್ನೋಡು" ಅಂತಾರೆ. ನನ್ನ ಚಿತ್ರದಲ್ಲಿ ಏನೂ ಇರಲ್ಲ. ಈ ಪಟ್ಟೆ ಈಗ ಕಾಣದಿದ್ರೂ ಡೈಯಿಂಗ್ ಆದ್ಮೇಲೆ ಎದ್ದು ಕಾಣುತ್ತೆ, ಅಷ್ಟೊತ್ತಿಗೆ ಬಟ್ಟೆ ನಮ್ಮ ಕೈ ಬಿಟ್ಟಿರುತ್ತೆ.

ಚಿತ್ರದ ಟೆಕ್ಸ್ಚರ್ (ಮೇಲ್ಮೈಯ ನೇಯ್ಗೆ, ಒರಟುತನ) ಅಳೆಯೋ ಲೆಕ್ಕಗಳಾದ ಜಿಎಲ್‌ಸಿಎಂ ಹಾಕಿ ನೋಡಿದೆ, ಎಲ್‌ಬಿಪಿ ಹಾಕಿ ನೋಡಿದೆ. ಒಳ್ಳೆ ಬಟ್ಟೆಗೂ ಪಟ್ಟೆ ಇರೋ ಬಟ್ಟೆಗೂ ಅಂಕಿಗಳು ಹೆಚ್ಚುಕಮ್ಮಿ ಒಂದೇ. ಇನ್ನೊಂದು ವಿಚಿತ್ರ: ಬಟ್ಟೆ ಅಚ್ಚ ಬಿಳಿ, ಆದರೆ ಚಿತ್ರದಲ್ಲಿ ತೆಳು ಗುಲಾಬಿ, ತೆಳು ಹಸಿರು ಪಟ್ಟೆಗಳು ಸಾಲಾಗಿ ಕಾಣ್ತವೆ. ಅವು ಬಟ್ಟೆಯಲ್ಲಿ ಇಲ್ಲವೇ ಇಲ್ಲ.

ಯಾರಾದ್ರೂ ದಾರಿ ತೋರಿಸ್ತೀರಾ?

---

ಬೆಳಕಿನಕೋನ

ನಿಮ್ಮ ಚಿಕ್ಕಪ್ಪ ಅರ್ಧ ಉತ್ತರ ಕೊಟ್ಟಿದ್ದಾರೆ. ಅವರು ಬಟ್ಟೆಯನ್ನು ಕಿಟಕಿಗೆ ಯಾಕೆ ಹಿಡಿಯುತ್ತಾರೆ, ಯಾಕೆ ಓರೆ ಮಾಡುತ್ತಾರೆ ಅಂತ ನೋಡಿ. ಅವು ಎರಡು ಬೇರೆ ಬೇರೆ ಪರೀಕ್ಷೆ.

ಕಿಟಕಿಗೆ ಹಿಡಿದಾಗ ಬೆಳಕು ಬಟ್ಟೆಯ ಹಿಂದಿನಿಂದ ಬರುತ್ತದೆ. ಎಳೆ ಸಡಿಲವಾಗಿರುವ ಕಡೆ ಹೆಚ್ಚು ಬೆಳಕು ತೂರಿ ಬರುತ್ತದೆ, ಒತ್ತಾಗಿರುವ ಕಡೆ ಕಮ್ಮಿ. ಅಂದರೆ ಎಳೆಗಳ ಸಾಂದ್ರತೆ ನೇರವಾಗಿ ಬೆಳಕಿನ ಪ್ರಮಾಣ ಆಗಿಬಿಡುತ್ತದೆ. ಓರೆ ಮಾಡಿದಾಗ ಬೆಳಕು ಮೇಲ್ಮೈಯನ್ನು ಸವರಿಕೊಂಡು ಹೋಗುತ್ತದೆ. ಇಳಿಬಿಸಿಲಲ್ಲಿ ಉತ್ತ ಹೊಲದ ಸಾಲುಗಳು ದೂರಕ್ಕೂ ಎದ್ದು ಕಾಣುವ ಹಾಗೆ, ಉಬ್ಬುತಗ್ಗು ನೆರಳಾಗಿ ಕಾಣುತ್ತದೆ. ನೀವು ಟ್ಯೂಬ್‌ಗಳನ್ನು ನೆತ್ತಿಯ ಮೇಲೆ ಇಟ್ಟಿದ್ದೀರಿ. ಅಲ್ಲಿಂದ ಬಂದ ಬೆಳಕು ಎರಡನ್ನೂ ತೋರಿಸುವುದಿಲ್ಲ. ಕಲೆ ಮಾತ್ರ ತೋರಿಸುತ್ತದೆ, ಯಾಕೆಂದರೆ ಕಲೆ ಬಣ್ಣದ ವ್ಯತ್ಯಾಸ.

ಆದ್ದರಿಂದ ಮೊದಲು ಟೇಬಲ್ ಕೆಳಗೆ ಸಮನಾಗಿ ಹರಡಿದ ಬೆಳಕಿನ ಫಲಕ ಇಡಿ, ಮೇಲಿನದು ಆರಿಸಿ. ಬಟ್ಟೆ ಇಲ್ಲದೆ ಬರೀ ಫಲಕದ ಚಿತ್ರ ಒಂದು ತೆಗೆದಿಟ್ಟುಕೊಂಡು ಪ್ರತಿ ಚಿತ್ರವನ್ನೂ ಅದರಿಂದ ಭಾಗಿಸಿ. ಇಲ್ಲದಿದ್ದರೆ ಲೆನ್ಸ್‌ನ ಅಂಚಿನ ಮಬ್ಬೇ ನಿಮ್ಮ ಪಟ್ಟೆಗಿಂತ ದೊಡ್ಡದಾಗಿರುತ್ತದೆ. ಚಿತ್ರದಲ್ಲಿ ಇಲ್ಲದ ದೋಷವನ್ನು ಯಾವ ಲೆಕ್ಕವೂ ಹುಡುಕಿ ಕೊಡುವುದಿಲ್ಲ.

---

ತಂಪುನಾಡು (ಔಲು, ಫಿನ್ಲೆಂಡ್)

ಗುಲಾಬಿ-ಹಸಿರು ಪಟ್ಟೆಯ ಬಗ್ಗೆ ಹೇಳ್ತೀನಿ. ಅದು ಮ್ವಾರೆ, ಅಂದ್ರೆ ಹೆಚ್ಚುಕಮ್ಮಿ ಒಂದೇ ಅಂತರದ ಎರಡು ಸಾಲುಗಳು ಒಂದರ ಮೇಲೊಂದು ಬಿದ್ದಾಗ ಮೂಡೋ ಸುಳ್ಳು ಪಟ್ಟೆ. ನಿಮ್ಮ ಅಂಕಿಗಳಲ್ಲೇ ಕಾರಣ ಇದೆ.

30 ಸೆಂ.ಮೀ.ಗೆ 2448 ಪಿಕ್ಸೆಲ್ ಅಂದ್ರೆ ಒಂದು ಪಿಕ್ಸೆಲ್ ಸುಮಾರು 0.1225 ಮಿ.ಮೀ. ಬಣ್ಣದ ಸೆನ್ಸರ್‌ನಲ್ಲಿ ಕೆಂಪು ಶೋಧಕ (ಫಿಲ್ಟರ್) ಇರೋದು ಒಂದು ಬಿಟ್ಟು ಒಂದು ಪಿಕ್ಸೆಲ್‌ಗೆ, ನೀಲಿಯೂ ಹಾಗೇ. ಅಂದ್ರೆ ಕೆಂಪು ಬಣ್ಣವನ್ನ ನೀವು 0.245 ಮಿ.ಮೀ.ಗೆ ಒಂದು ಸಲ ಅಳೀತಿದ್ದೀರಿ. ನಿಮ್ಮ ಹೊಕ್ಕಿನ ಎಳೆಗಳ ಅಂತರ 0.25 ಮಿ.ಮೀ. ಈ ಎರಡು ಸಾಲುಗಳು ಬಹಳ ಹತ್ತಿರ ಇದ್ದೂ ಒಂದೇ ಅಲ್ಲ. ಹಾಗಾಗಿ ಸುಮಾರು 12 ಮಿ.ಮೀ.ಗೆ ಒಂದು ಸಲ ಕೂಡಿ ಅಗಲ್ತವೆ. ನಿಮ್ಮ ಪಟ್ಟೆಗಳ ಅಂತರ ಅಳೆದು ನೋಡಿ, 12ರ ಆಸುಪಾಸು ಇರಬೇಕು. ಎಳೆಯ ಅಂತರ ಸ್ವಲ್ಪ ಬದಲಾದ್ರೂ ಅದು ತುಂಬ ಹಿಗ್ಗುತ್ತೆ, ಕುಗ್ಗುತ್ತೆ. ಗ್ರೇ ಚಿತ್ರಕ್ಕೆ ಇಳಿಸಿದ್ರೂ ಪೂರ್ತಿ ಹೋಗಲ್ಲ, ತೆಳು ಪಟ್ಟೆಯಾಗಿ ಉಳಿದು ನಿಜವಾದ ದೋಷದ ಜೊತೆ ಬೆರೆಯುತ್ತೆ.

ಈ ಗುಣವನ್ನೇ ಬಳಸಿ ಎಳೆ ಎಣಿಸೋ ಸಾಧನವೂ ಇದೆ, ಲೂನೋಮೀಟರ್ ಅಂತ. ಗೆರೆ ಕೊರೆದ ಗಾಜನ್ನ ಬಟ್ಟೆ ಮೇಲಿಟ್ರೆ ಮೂಡೋ ಆಕೃತಿಯಿಂದ ಎಳೆ ಎಷ್ಟು ಅಂತ ಓದಬಹುದು. ಆದ್ರೆ ನಿಮಗೆ ಈಗ ಅದು ಬೇಡದ ಅತಿಥಿ.

ಬಣ್ಣ ಹಾಕದ ಬಟ್ಟೆಗೆ ಬಣ್ಣದ ಕ್ಯಾಮೆರಾ ಬೇಕಿಲ್ಲ. ಅಷ್ಟೇ ಪಿಕ್ಸೆಲ್‌ನ ಕಪ್ಪುಬಿಳುಪು ಕ್ಯಾಮೆರಾ ತಗೊಂಡು 15 ಸೆಂ.ಮೀ. ಮಾತ್ರ ನೋಡಿ. ಆಗ ಒಂದು ಎಳೆಗೆ ನಾಲ್ಕು ಪಿಕ್ಸೆಲ್ ಸಿಗುತ್ತೆ. ಅಗಲ ಪೂರ್ತಿ ಬೇಕು ಅಂದ್ರೆ ಕ್ಯಾಮೆರಾಗಳ ಸಂಖ್ಯೆ ಹೆಚ್ಚಬೇಕು, ಅದು ಖರ್ಚು, ಗೊತ್ತು. ಆದ್ರೆ ಹೊಕ್ಕಿನ ಪಟ್ಟೆ ಬಟ್ಟೆಯ ಅಗಲಕ್ಕೂ ಹಾಯೋದ್ರಿಂದ ಅದನ್ನ ಹಿಡಿಯೋಕೆ ಒಂದು ಭಾಗ ನೋಡಿದ್ರೂ ಸಾಕು.

---

ನೂಲೆಳೆ

ಅಳೆದೆ. 11ರಿಂದ 13 ಮಿ.ಮೀ. ಒಳಗೇ ಬರ್ತಿದೆ! ತುಂಬಾ ಥ್ಯಾಂಕ್ಸ್. ಬೆಳಕು ಕೆಳಗೆ ಹಾಕ್ತೀನಿ, ಕಪ್ಪುಬಿಳುಪು ಕ್ಯಾಮೆರಾ ಒಬ್ಬ ಸ್ನೇಹಿತನ ಹತ್ರ ಇದೆ.

ಆದರೂ ಜಿಎಲ್‌ಸಿಎಂ ವಿಷಯ ಅರ್ಥ ಆಗ್ಲಿಲ್ಲ. ಎಲ್ಲರೂ ಟೆಕ್ಸ್ಚರ್ ಅಂದ್ರೆ ಅದನ್ನೇ ಹೇಳ್ತಾರೆ. ಒಳ್ಳೆ ಚಿತ್ರ ಸಿಕ್ರೆ ಅದು ಕೆಲಸ ಮಾಡುತ್ತಾ?

---

ತಂಪುನಾಡು

ಮಾಡುತ್ತೆ, ಆದ್ರೆ ನೀವು ಯಾವ ದೂರ ಕೊಟ್ಟಿದ್ರಿ ಅನ್ನೋದರ ಮೇಲೆ. ಬಹುಶಃ ಲೈಬ್ರರಿಯ ಉದಾಹರಣೆಯಲ್ಲಿ ಇರೋ 1 ಪಿಕ್ಸೆಲ್ ದೂರವನ್ನೇ ಬಿಟ್ಟಿರ್ತೀರಿ.

ಹ್ಯಾರಲಿಕ್, ಷಣ್ಮುಗಂ, ಡಿನ್‌ಸ್ಟೈನ್ ಮೂವರು 1973ರಲ್ಲಿ ಮುಂದಿಟ್ಟ ವಿಧಾನ ಅದು, 14 ಗುಣಲಕ್ಷಣಗಳನ್ನ ಕೊಟ್ಟರು. ತಿರುಳು ಸರಳ: ಇಷ್ಟು ದೂರದಲ್ಲಿ, ಈ ದಿಕ್ಕಿನಲ್ಲಿ ಇರೋ ಎರಡು ಪಿಕ್ಸೆಲ್‌ಗಳಲ್ಲಿ ಯಾವ ಗ್ರೇ ಮಟ್ಟದ ಜೊತೆ ಯಾವ ಮಟ್ಟ ಎಷ್ಟು ಸಲ ಜೋಡಿಯಾಗಿ ಬರುತ್ತೆ ಅಂತ ಎಣಿಸೋದು. ನೇಯ್ದ ಬಟ್ಟೆಗೆ ಒಂದು ಆವರ್ತನೆ ಇದೆ. ಎಳೆಗೆ ನಾಲ್ಕು ಪಿಕ್ಸೆಲ್ ಆದ್ರೆ ನಾಲ್ಕು ಪಿಕ್ಸೆಲ್ ಆಚೆ ಅದೇ ಬೆಳಕು ಮತ್ತೆ ಬರಬೇಕು. ಸಾದಾ ನೇಯ್ಗೆಯಲ್ಲಿ ಹಾಸಿನ (ಉದ್ದಕ್ಕೆ ಹೋಗೋ ನೂಲಿನ) ಮೇಲೆ-ಕೆಳಗೆ ಸರದಿ ಎರಡು ಎಳೆಗೊಮ್ಮೆ ಪೂರ್ತಿಯಾಗೋದ್ರಿಂದ ಎಂಟರಲ್ಲಿ ಇನ್ನೂ ಚೆನ್ನಾಗಿ ಹೊಂದುತ್ತೆ. ದೂರವನ್ನ 1ರಿಂದ 30ರವರೆಗೆ ಏರಿಸ್ತಾ ಕಾಂಟ್ರಾಸ್ಟ್ ಎಷ್ಟು ಅಂತ ಗೆರೆ ಎಳೀರಿ. ಒಳ್ಳೆ ಬಟ್ಟೆಯಲ್ಲಿ ಆವರ್ತನೆಯ ಜಾಗಗಳಲ್ಲಿ ಗೆರೆ ಆಳಕ್ಕೆ ಇಳಿಯುತ್ತೆ. ಎಳೆಗಳ ಅಂತರ ಕೆಟ್ಟ ಕಡೆ ಆ ಇಳಿತ ಸರಿಯುತ್ತೆ, ಇಲ್ಲ ಮೇಲೇಳುತ್ತೆ. 1 ಪಿಕ್ಸೆಲ್ ದೂರಕ್ಕೆ ಈ ಸಂಗತಿ ಗೊತ್ತೇ ಆಗಲ್ಲ, ಅದು ಪಕ್ಕದ ಪಿಕ್ಸೆಲ್ ಅಷ್ಟೇ ನೋಡುತ್ತೆ. ಗ್ರೇ ಮಟ್ಟಗಳನ್ನ 256ರಿಂದ 16ಕ್ಕೋ 32ಕ್ಕೋ ಇಳಿಸಿ, ಇಲ್ಲದಿದ್ರೆ ಕೋಷ್ಟಕ ತುಂಬ ಖಾಲಿ ಉಳಿಯುತ್ತೆ.

ಎಲ್‌ಬಿಪಿ ನಾನಿರೋ ಊರಿನ ವಿಶ್ವವಿದ್ಯಾಲಯದಲ್ಲೇ 1990ರ ದಶಕದಲ್ಲಿ ಬೆಳೆದದ್ದು, ಅದರ ಮೇಲೆ ನನಗೆ ಪ್ರೀತಿ ಜಾಸ್ತಿ. ಆದ್ರೆ ನಿಮ್ಮ ಕೆಲಸಕ್ಕೆ ಅದನ್ನ ಎಚ್ಚರದಿಂದ ಬಳಸಬೇಕು. ಸುತ್ತಲಿನ ಪಿಕ್ಸೆಲ್ ನಡುವಿನದಕ್ಕಿಂತ ಬೆಳಗಿದೆಯೋ ಇಲ್ಲವೋ ಅಷ್ಟನ್ನೇ ಅದು ಬರೆದಿಡೋದು. ಹಾಗಾಗಿ ಬೆಳಕು ಒಟ್ಟಾರೆ ಏರಿದ್ರೂ ಇಳಿದ್ರೂ ಅದಕ್ಕೆ ಲೆಕ್ಕ ಇಲ್ಲ. ಬೇರೆ ಕಡೆ ಇದು ದೊಡ್ಡ ಗುಣ. ಹಿಂಬೆಳಕಿನಲ್ಲಿ ನಿಮ್ಮ ಪಟ್ಟೆ ಅಂದ್ರೇನೇ ಒಟ್ಟಾರೆ ಬೆಳಕಿನ ಸಣ್ಣ ಏರಿಳಿತ. ಎಲ್‌ಬಿಪಿ ಅದನ್ನೇ ಒರೆಸಿ ಹಾಕುತ್ತೆ. ಇನ್ನೊಂದು, ದಿಕ್ಕು ತಿರುಗಿದ್ರೂ ಬದಲಾಗದ ರೂಪವನ್ನಂತೂ ಬಟ್ಟೆಗೆ ಹಾಕಬೇಡಿ. ಹಾಸು ಯಾವುದು ಹೊಕ್ಕು ಯಾವುದು ಅನ್ನೋ ಮಾಹಿತಿನೇ ಹೋಗಿಬಿಡುತ್ತೆ.

---

ಬೆಳಕಿನಕೋನ

ಇದಕ್ಕೆ ಒಂದು ಮಾತು ಸೇರಿಸುತ್ತೇನೆ. ಹೊಕ್ಕಿನ ಪಟ್ಟೆಗೆ ಟೆಕ್ಸ್ಚರ್ ಲೆಕ್ಕಕ್ಕೂ ಮೊದಲು ಇನ್ನೂ ಸುಲಭವಾದ ಕೆಲಸ ಇದೆ.

ಪಟ್ಟೆಗೂ ಸುತ್ತಲಿನ ಬಟ್ಟೆಗೂ ಎರಡು-ಮೂರು ಗ್ರೇ ಮಟ್ಟದ ವ್ಯತ್ಯಾಸ ಇದ್ದರೆ, ಒಂದೊಂದು ಪಿಕ್ಸೆಲ್‌ನ ಏರುಪೇರು ಅದಕ್ಕಿಂತ ಹೆಚ್ಚು ಇರುತ್ತದೆ. ಹಾಗಾಗಿ ಪಿಕ್ಸೆಲ್ ಪಿಕ್ಸೆಲ್ ನೋಡಿದರೆ ಪಟ್ಟೆ ಆ ಏರುಪೇರಿನಲ್ಲಿ ಮುಳುಗಿರುತ್ತದೆ. ಆದರೆ ಪಟ್ಟೆ ಹೊಕ್ಕಿನ ಉದ್ದಕ್ಕೂ ಇದೆಯಲ್ಲ. ಹೊಕ್ಕಿನ ದಿಕ್ಕಿನಲ್ಲಿ 400 ಪಿಕ್ಸೆಲ್ ಕೂಡಿಸಿ ಸರಾಸರಿ ತೆಗೆಯಿರಿ. ಗೊತ್ತುಗುರಿಯಿಲ್ಲದ ಏರುಪೇರು 400ರ ವರ್ಗಮೂಲದಷ್ಟು, ಅಂದರೆ 20 ಪಟ್ಟು ತಗ್ಗುತ್ತದೆ, ಪಟ್ಟೆ ಹಾಗೇ ಉಳಿಯುತ್ತದೆ. ಕಣ್ಣಿಗೆ ಕಾಣದ ಗೆರೆ ಗ್ರಾಫ್‌ನಲ್ಲಿ ಏರಾಗಿಯೋ ತಗ್ಗಾಗಿಯೋ ಎದ್ದು ಕಾಣುತ್ತದೆ.

ಇಲ್ಲಿ ಒಂದು ತೊಡಕಿದೆ. ಹೊಕ್ಕು ಓರೆಯಾಗಿದ್ದರೆ ಸರಾಸರಿ ಎಲ್ಲವನ್ನೂ ಕಲಸಿಬಿಡುತ್ತದೆ. 400 ಪಿಕ್ಸೆಲ್ ಅಂದರೆ ನಿಮಗೆ ಸುಮಾರು 25 ಮಿ.ಮೀ. ಒಂದೇ ಡಿಗ್ರಿ ಓರೆಯಾದರೂ ಆ ಉದ್ದದಲ್ಲಿ ಹೊಕ್ಕು 0.4 ಮಿ.ಮೀ.ಗಿಂತ ಹೆಚ್ಚು ಸರಿಯುತ್ತದೆ, ಒಂದೂವರೆ ಎಳೆಯಷ್ಟು. ಹಾಗಾಗಿ ಮೊದಲು ಎರಡು ಆಯಾಮದ ಫೂರಿಯೇ ರೂಪ ತೆಗೆಯಿರಿ, ಅಂದರೆ ಚಿತ್ರದಲ್ಲಿ ಯಾವ ಆವರ್ತನೆ ಯಾವ ದಿಕ್ಕಿನಲ್ಲಿ ಎಷ್ಟಿದೆ ಅಂತ ತೋರಿಸುವ ಲೆಕ್ಕ. ಹೊಕ್ಕಿನ ಆವರ್ತನೆ ಅಲ್ಲಿ ಚೂಪಾದ ಚುಕ್ಕಿಯಾಗಿ ಕಾಣುತ್ತದೆ. ಆ ಚುಕ್ಕಿ ಇರುವ ಕೋನವೇ ಹೊಕ್ಕಿನ ಓರೆ. ಅಷ್ಟು ಕೋನ ತಿರುಗಿಸಿ ಆಮೇಲೆ ಕೂಡಿಸಿ. ಮಧ್ಯದಿಂದ ಆ ಚುಕ್ಕಿಗೆ ಇರುವ ದೂರ ಎಳೆಗಳ ಸಂಖ್ಯೆಯನ್ನೂ ಹೇಳುತ್ತದೆ.

---

ಉಕ್ಕಿನಹಾಳೆ (ಬಳ್ಳಾರಿ)

ನಾನು ಉಕ್ಕಿನ ಕಡೆಯವನು, ಬಟ್ಟೆ ಗೊತ್ತಿಲ್ಲ. ಆದರೆ ಈ ಚರ್ಚೆ ಓದಿ ಹೊಟ್ಟೆಕಿಚ್ಚಾಯ್ತು. ನಿಮಗೆ ಆವರ್ತನೆ ಇದೆ! ಬಿಸಿಯಾಗಿ ಉರುಳಿಸಿದ ಉಕ್ಕಿನ ಮೈಮೇಲೆ ಅಂಥ ಕ್ರಮ ಇರುವುದಿಲ್ಲ. ಸ್ಕೇಲ್ (ಬಿಸಿಗೆ ಮೈಮೇಲೆ ಕಟ್ಟೋ ಆಕ್ಸೈಡ್ ಪದರ) ಒಂದೊಂದು ಕಡೆ ಒಂದೊಂದು ಥರ. ಚೀನಾದ ನಾರ್ತ್‌ಈಸ್ಟರ್ನ್ ವಿಶ್ವವಿದ್ಯಾಲಯದವರ ಉಕ್ಕಿನ ಮೇಲ್ಮೈ ಚಿತ್ರಸಂಗ್ರಹ ನೋಡಿದರೆ ಗೊತ್ತಾಗುತ್ತೆ. ಆರು ಬಗೆಯ ದೋಷ, ಪ್ರತಿಯೊಂದಕ್ಕೂ 300 ಚಿತ್ರ. ಒಂದೇ ಬಗೆಯೊಳಗೇ ಚಿತ್ರದಿಂದ ಚಿತ್ರಕ್ಕೆ ಎಷ್ಟೊಂದು ವ್ಯತ್ಯಾಸ. ಅಲ್ಲಿ ಫೂರಿಯೇ ಒಂದರಿಂದ ಕೆಲಸ ಆಗಲ್ಲ. ಹಲವು ದಿಕ್ಕು, ಹಲವು ಅಳತೆಯ ಗಾಬರ್ ಶೋಧಕಗಳು (ಒಂದು ದಿಕ್ಕಿನ, ಒಂದು ಅಳತೆಯ ಗೆರೆಗಳನ್ನಷ್ಟೇ ಎತ್ತಿ ತೋರಿಸೋ ಫಿಲ್ಟರ್‌ಗಳು) ಬೇಕು, ಇಲ್ಲ ಉದಾಹರಣೆ ಕೊಟ್ಟು ಕಲಿಸಿದ ನ್ಯೂರಲ್ ಜಾಲ ಬೇಕು.

ನಮ್ಮಲ್ಲಿಂದ ನಿಮಗೆ ಒಂದು ಎಚ್ಚರಿಕೆ. ಮುಂದೆ ಲೈನ್-ಸ್ಕ್ಯಾನ್ ಕ್ಯಾಮೆರಾಗೆ (ಓಡೋ ಬಟ್ಟೆಯನ್ನ ಒಂದೊಂದೇ ಸಾಲಾಗಿ ಓದೋದು) ಹೋದರೆ ದೀಪದ ಮಿನುಗು ನೋಡಿಕೊಳ್ಳಿ. 50 ಹರ್ಟ್ಸ್ ಕರೆಂಟಿಗೆ ಅಗ್ಗದ ಎಲ್‌ಇಡಿ ಸೆಕೆಂಡಿಗೆ 100 ಸಲ ಮಿನುಗುತ್ತೆ. ಬಟ್ಟೆ ನಿಮಿಷಕ್ಕೆ 20 ಮೀಟರ್ ಓಡಿದರೆ ಪ್ರತಿ 3.3 ಮಿ.ಮೀ.ಗೆ ಒಂದು ಪಟ್ಟೆ ಬೀಳುತ್ತೆ, ಥೇಟ್ ಹೊಕ್ಕಿನ ಪಟ್ಟೆ ಥರ. ಅನುಮಾನ ಬಂದರೆ ಬಟ್ಟೆಯ ವೇಗ ಬದಲಿಸಿ. ಪಟ್ಟೆಯ ಅಂತರ ಜೊತೆಗೇ ಬದಲಾದರೆ ಅದು ದೀಪದ್ದು. ಬಟ್ಟೆಯದ್ದಾದರೆ ಬಟ್ಟೆಯ ಮೇಲೆ ಅಲ್ಲೇ ಇರುತ್ತೆ. ದೀಪಕ್ಕೆ ಏರಿಳಿತ ಇಲ್ಲದ ಕರೆಂಟ್ ಕೊಡೋ ಡಿಸಿ ಡ್ರೈವರ್ ಹಾಕಿದರೆ ಈ ತಲೆನೋವೇ ಇಲ್ಲ.

---

ಲಾಳಿಸದ್ದು

ನಾನು ಮಗ್ಗದ ಫಿಟ್ಟರ್. ಲೆಕ್ಕ ನನಗೆ ಅಷ್ಟು ಹತ್ತೋದಿಲ್ಲ, ಆದರೆ ಪಟ್ಟೆ ಎಲ್ಲಿಂದ ಬರುತ್ತೆ ಅನ್ನೋದು ಗೊತ್ತು. ಮಗಾ, ನೀನು ಪಟ್ಟೆ ಇದೆಯಾ ಇಲ್ಲವಾ ಅಂತ ಮಾತ್ರ ಕೇಳ್ತಿದ್ದೀಯ. ಎಷ್ಟು ದೂರಕ್ಕೆ ಮತ್ತೆ ಬರುತ್ತೆ ಅಂತಲೂ ಕೇಳು.

ಮಗ್ಗ ನಿಂತು ಮತ್ತೆ ಶುರುವಾದಾಗ ಬೀಳೋ ಪಟ್ಟೆಗೆ ಲೆಕ್ಕ ಇರಲ್ಲ. ಎಳೆ ಕಡಿದಾಗ, ಕರೆಂಟ್ ಹೋದಾಗ ಬೀಳುತ್ತೆ. ಹೊಕ್ಕಿನ ನೂಲೇ ದಪ್ಪ ಸಣ್ಣ ಇದ್ದರೆ ಕಂಡಿಕೆ (ಹೊಕ್ಕಿನ ನೂಲು ಸುತ್ತಿದ ಕೊಳವೆ) ಬದಲಾದ ಜಾಗದಿಂದ ಪಟ್ಟೆ ಶುರುವಾಗುತ್ತೆ. ಉದ್ದಕ್ಕೆ ಗೆರೆ ಇದ್ದರೆ ಅದು ಹಾಸಿನದು, ರೀಡ್‌ನ (ಹಾಸಿನ ಎಳೆಗಳನ್ನ ಬಿಡಿಬಿಡಿಯಾಗಿ ಹಿಡಿಯೋ ಬಾಚಣಿಗೆ) ಹಲ್ಲು ಬಗ್ಗಿರಬಹುದು, ಎಳೆ ತಪ್ಪು ಮನೆಗೆ ಹೋಗಿರಬಹುದು. ಅದು ಸರಿಮಾಡೋವರೆಗೂ ಬಿಡಲ್ಲ.

ಇನ್ನು, ಬಟ್ಟೆ ಸುತ್ತೋ ಟೇಕಪ್ ಕಡೆ ತೊಂದರೆ ಇದ್ದರೆ ಪಟ್ಟೆ ಒಂದೇ ಅಂತರಕ್ಕೆ ಬರ್ತಾನೇ ಇರುತ್ತೆ. ರೋಲರ್ ವ್ಯಾಸ 12 ಸೆಂ.ಮೀ. ಅಂದುಕೋ, ಅದರ ಸುತ್ತಳತೆ ಸುಮಾರು 37.7 ಸೆಂ.ಮೀ. ಪಟ್ಟೆ ಅಷ್ಟು ದೂರಕ್ಕೊಂದು ಬಂದರೆ ರೋಲರ್ ಡೊಂಕು. ರೋಲರ್ ಒಂದು ಸುತ್ತು ಬರೋದರಲ್ಲಿ ಐದು ಸುತ್ತು ತಿರುಗೋ ಗೇರ್ ಇದ್ದು, ಪಟ್ಟೆ ಏಳೂವರೆ ಸೆಂ.ಮೀ.ಗೆ ಒಂದು ಬಂದರೆ ಆ ಗೇರಿನ ಹಲ್ಲು ನೋಡು. ಕ್ಯಾಮೆರಾ ಇದನ್ನು ಹೇಳಿದರೆ ಬಿಚ್ಚೋ ಕೆಲಸ ಅರ್ಧ ಉಳಿಯುತ್ತೆ. ಬರೀ "ದೋಷ ಇದೆ" ಅಂತ ಕೆಂಪು ಚೌಕ ಹಾಕಿದರೆ ನನಗೇನು ಉಪಯೋಗ?

---

ತಂಪುನಾಡು

ಲಾಳಿಸದ್ದು ಅಣ್ಣ, ಈ ಚರ್ಚೆಯಲ್ಲಿ ಎಲ್ಲಕ್ಕಿಂತ ಬೆಲೆಬಾಳೋ ಮಾತು ನಿಮ್ಮದು.

ನೂಲೆಳೆ ಅವರೇ, 15 ಸೆಂ.ಮೀ. ಚಿತ್ರದೊಳಗೆ 37.7 ಸೆಂ.ಮೀ. ಆವರ್ತನೆ ಹಿಡಿಯೋಕಾಗಲ್ಲ. ಚಿತ್ರಗಳನ್ನೆಲ್ಲ ಇಟ್ಟುಕೊಳ್ಳಬೇಕಿಲ್ಲ. ಪ್ರತಿ ಸಾಲಿನ ಸರಾಸರಿ ಬೆಳಕು ಒಂದೇ ಅಂಕಿ, ಅದನ್ನ ಬಟ್ಟೆಯ ಉದ್ದಕ್ಕೂ ಜೋಡಿಸ್ತಾ ಹೋಗಿ. ಟೇಬಲ್ ರೋಲರ್‌ಗೆ ಎನ್‌ಕೋಡರ್ (ಎಷ್ಟು ತಿರುಗಿತು ಅಂತ ಎಣಿಸೋ ಸಾಧನ) ಹಾಕಿದ್ರೆ ಯಾವ ಅಂಕಿ ಎಷ್ಟನೇ ಮಿಲಿಮೀಟರ್‌ದು ಅಂತ ಗೊತ್ತಿರುತ್ತೆ. ಒಂದು ಇಡೀ ಥಾನು (ಬಟ್ಟೆಯ ಸುರುಳಿ) ಒಂದು ಉದ್ದ ಗೆರೆ ಆಗುತ್ತೆ. ಅದರ ಫೂರಿಯೇ ರೂಪದಲ್ಲಿ ಎದ್ದು ನಿಂತ ಶಿಖರವನ್ನ ಮಗ್ಗದ ಗೇರ್ ಪಟ್ಟಿಯ ಜೊತೆ ಹೋಲಿಸಿ.

---

ಹೊಸಜಾಲ

ಇಷ್ಟೆಲ್ಲ ಯಾಕೆ? ಒಳ್ಳೆ ಬಟ್ಟೆಯ ಚಿತ್ರ ಮಾತ್ರ ಕೊಟ್ಟು ಪ್ಯಾಚ್‌ಕೋರ್ (ಒಳ್ಳೆಯದನ್ನ ಕಲಿತು ಅದಕ್ಕೆ ಹೊಂದದ್ದನ್ನ ದೋಷ ಅನ್ನೋ ನ್ಯೂರಲ್ ಜಾಲದ ವಿಧಾನ) ಓಡಿಸಿದ್ರೆ ಆಯ್ತಲ್ಲ. ದೋಷ ಹುಡುಕೋ ವಿಧಾನಗಳನ್ನ ಪರೀಕ್ಷಿಸೋ ಎಂವಿಟೆಕ್ ಎಡಿ ಚಿತ್ರಸಂಗ್ರಹದಲ್ಲಿ ಅದಕ್ಕೆ ನೂರಕ್ಕೆ 99ರ ಮೇಲೆ ಅಂಕ ಬಂದಿದೆ. ದೋಷದ ಉದಾಹರಣೆ ಒಂದೂ ಬೇಡ.

---

ಬೆಳಕಿನಕೋನ

ಒಳ್ಳೆಯ ವಿಧಾನ, ಬೇಡ ಅನ್ನುವುದಿಲ್ಲ. ದೋಷದ ಮಾದರಿಗಳು ಕೈಗೆ ಸಿಗದ ಕಡೆ ಒಳ್ಳೆಯದನ್ನು ಮಾತ್ರ ಕಲಿಸುವುದು ನಿಜಕ್ಕೂ ಜಾಣತನ. ಆದರೆ 2019ರ ಆ ಸಂಗ್ರಹದಲ್ಲಿ 15 ವರ್ಗಗಳಿವೆ, ಅವುಗಳಲ್ಲಿ ಮೇಲ್ಮೈಗಳು ಐದು: ಕಾರ್ಪೆಟ್, ಜಾಲರಿ, ಚರ್ಮ, ಟೈಲ್, ಮರ. ಅಲ್ಲಿನ ದೋಷಗಳು ಹೆಚ್ಚಾಗಿ ಕಣ್ಣಿಗೆ ಕಾಣುವಂಥ ಕೊಯ್ತ, ತೂತು, ಕಲೆ. ಪ್ಯಾಚ್‌ಕೋರ್‌ನ ರೂಢಿಯ ಸಿದ್ಧತೆಯಲ್ಲಿ ಚಿತ್ರವನ್ನು 256ಕ್ಕೆ ಇಳಿಸಿ 224 ಕತ್ತರಿಸುತ್ತಾರೆ. ಇವರ 2448 ಪಿಕ್ಸೆಲ್ ಚಿತ್ರವನ್ನು ಹಾಗೆ ಕುಗ್ಗಿಸಿದರೆ ಎರಡಕ್ಕಿಂತ ಹೆಚ್ಚು ಎಳೆ ಒಂದು ಪಿಕ್ಸೆಲ್‌ನೊಳಗೆ ಸೇರಿಹೋಗುತ್ತದೆ. ತಪ್ಪಿದ ಒಂದು ಎಳೆ ಅಲ್ಲೇ ಸತ್ತಿತು. ಬಳಸುವುದಾದರೆ ಕುಗ್ಗಿಸದೆ ತುಂಡು ತುಂಡಾಗಿ ಕೊಡಿ.

ಇನ್ನೊಂದು ಲೆಕ್ಕ ಹಾಕಿ ನೋಡಿ. 10,000 ತುಂಡುಗಳಲ್ಲಿ 5 ದೋಷದವು ಅಂತಿಟ್ಟುಕೊಳ್ಳಿ. ಒಳ್ಳೆಯದನ್ನು ತಪ್ಪಾಗಿ ಕೆಟ್ಟದ್ದು ಅನ್ನುವ ಪ್ರಮಾಣ ಶೇ 2 ಇದ್ದರೂ ಸುಮಾರು 200 ಸುಳ್ಳು ಎಚ್ಚರಿಕೆ ಬರುತ್ತದೆ. ಐದಕ್ಕಾಗಿ ಇನ್ನೂರು ಸಲ ಬಟ್ಟೆ ನಿಲ್ಲಿಸಿದರೆ ಚಿಕ್ಕಪ್ಪ ಕ್ಯಾಮೆರಾದ ವೈರ್ ಕಿತ್ತು ಹಾಕುತ್ತಾರೆ, ಅದು ನ್ಯಾಯವೇ.

---

ಪೀಣ್ಯಚೆಕ್ಕರ್

ನಾನು ಗಾರ್ಮೆಂಟ್ಸ್‌ನಲ್ಲಿ ಬಟ್ಟೆ ಚೆಕಿಂಗ್ ಮಾಡ್ತೀನಿ. ನಮ್ಮಲ್ಲಿ ಫೋರ್ ಪಾಯಿಂಟ್ ಪದ್ಧತಿ. 3 ಇಂಚಿನ ಒಳಗಿನ ದೋಷಕ್ಕೆ 1, 6 ಇಂಚಿನವರೆಗೆ 2, 9ರವರೆಗೆ 3, ಅದಕ್ಕಿಂತ ಉದ್ದ ಇದ್ದರೆ 4 ಪಾಯಿಂಟ್. ಒಂದು ಗಜಕ್ಕೆ 4ಕ್ಕಿಂತ ಹೆಚ್ಚು ಹಾಕಲ್ಲ. ಇದನ್ನ ಯಾಕೆ ಹೇಳ್ತಿದ್ದೀನಿ ಅಂದ್ರೆ, ನೀವು ಹೇಳೋ ಆ ತೆಳು ಪಟ್ಟೆ ಬಟ್ಟೆಯ ಅಗಲಕ್ಕೂ ಇರೋದ್ರಿಂದ ನೇರ 4 ಪಾಯಿಂಟ್. ಕಣ್ಣಿಗೆ ಎಲ್ಲಕ್ಕಿಂತ ಕಮ್ಮಿ ಕಾಣೋದಕ್ಕೇ ಹೆಚ್ಚು ದಂಡ.

ನಿಮ್ಮ ಮಿಷಿನ್ ಸರಿ ಇದೆಯಾ ಅಂತ ಯಾವುದರ ಜೊತೆ ಹೋಲಿಸ್ತೀರಾ? ಒಂದೇ ಥಾನನ್ನ ಇಬ್ಬರಿಗೆ ಬೇರೆ ಬೇರೆ ಕೊಟ್ಟು ಗುರುತು ಹಾಕಿಸಿ. ಒಬ್ಬರು ಹಾಕಿದ್ದು ಇನ್ನೊಬ್ಬರಿಗೆ ತೋರಿಸಬೇಡಿ. ಇಬ್ಬರೂ ಒಪ್ಪಿದ ಜಾಗ ಗ್ಯಾರಂಟಿ ದೋಷ. ಒಬ್ಬರೇ ಹಾಕಿದ ಜಾಗಗಳನ್ನ ಬೇರೆ ಇಡಿ, ಡೈಯಿಂಗ್ ಆಗಿ ಬಂದ ಮೇಲೆ ಮತ್ತೆ ನೋಡಿ. ಬಣ್ಣ ಹಿಡಿದ ಬಟ್ಟೆನೇ ಕೊನೆಯ ತೀರ್ಪು. ಮಧ್ಯಾಹ್ನ ಊಟ ಆದ್ಮೇಲೆ ನಮ್ಮ ಕಣ್ಣು ಬೆಳಿಗ್ಗೆ ಥರ ಇರಲ್ಲ ಸರ್, ಅದಕ್ಕೇ ಮಿಷಿನ್ ಬೇಕು ಅಂತ ನಾನೇ ಹೇಳ್ತೀನಿ.

---

ಇಳಕಲ್ಲ ಮಗ್ಗ

ಎಲ್ಲಾರೂ ಛಲೋ ಹೇಳೀರಿ. ನನ್ನದೊಂದು ಮಾತು ಅದರಿ. ನಮ್ಮದು ಕೈಮಗ್ಗ. ಇಂಥಾ ಯಂತ್ರ ನಾಳೆ ನಮ್ಮ ಸೀರಿ ನೋಡಾಕ ಬಂದ್ರ ಏನಾಗ್ತದ?

ಇಳಕಲ್ಲ ಸೀರ್ಯಾಗ ಸೆರಗಿನ ಹಾಸು ಬ್ಯಾರೆ, ಒಡಲಿನ ಹಾಸು ಬ್ಯಾರೆ. ಒಂದಕ್ಕೊಂದು ಕೊಂಡಿ ಹಾಕಿ ಕೂಡಸ್ತೇವಿ. ಆ ಜಾಗದಾಗ ನೇಯ್ಗಿ ಬದಲಾಗ್ತದ. ನೀವು ಹೇಳೋ ಲೆಕ್ಕದ ಪ್ರಕಾರ ಅದು ಅಡ್ಡಗಲಕ್ಕ ಹಾದ ದೊಡ್ಡ ದೋಷ. ನಮಗ ಅದೇ ಸೀರಿಯ ಗುರುತು. ಕೈಯಿಂದ ಬಡದ ಹೊಕ್ಕು ಗೇರ್ ಬಡದಂಗ ಸಮ ಇರಂಗಿಲ್ಲ, ಒಂಚೂರು ಹೆಚ್ಚುಕಡಿಮಿ ಇದ್ದೇ ಇರ್ತದ. ಪವರ್‌ಲೂಮ್ ಬಟ್ಟಿ ನೋಡಿ ಕಲತ ಯಂತ್ರ ನಮ್ಮ ದುಡಿಮಿಗೆ ಕೆಂಪು ಚೌಕ ಹಾಕಿ, ಅದನ್ನ ತೋರಿಸಿ ವ್ಯಾಪಾರಿ ರೇಟ್ ಇಳಿಸಿದ್ರ ಯಾರನ್ನ ಕೇಳೂದು?

---

ತಂಪುನಾಡು

ನಿಮ್ಮ ಆತಂಕ ಸರಿಯಾದದ್ದು. ಒಳ್ಳೆಯದು ಅಂತ ಯಾವುದನ್ನ ತೋರಿಸಿ ಕಲಿಸ್ತೀವೋ ಅದೇ ಯಂತ್ರಕ್ಕೆ ಒಳ್ಳೆಯದು. ಕೈಮಗ್ಗಕ್ಕೆ ಕೈಮಗ್ಗದ ಬಟ್ಟೆಯಿಂದಲೇ ಮಿತಿ ಗೊತ್ತುಮಾಡಬೇಕು, ಆ ಮಿತಿಯನ್ನ ನೇಯೋರ ಜೊತೆ ಕೂತು ಗೊತ್ತುಮಾಡಬೇಕು. ಕೊಂಡಿಯ ಜಾಗವನ್ನ ಯಂತ್ರಕ್ಕೆ ಮೊದಲೇ ಹೇಳಿ ಹೊರಗಿಡಬಹುದು, ತಾಂತ್ರಿಕವಾಗಿ ಅದು ಕಷ್ಟವೇ ಅಲ್ಲ. ನನ್ನನ್ನ ಕೇಳಿದ್ರೆ ಕೈಮಗ್ಗದಲ್ಲಿ ಈ ಯಂತ್ರ ತೂತು, ಎಣ್ಣೆ ಕಲೆ, ಕಡಿದ ಎಳೆ ಇಷ್ಟನ್ನೇ ನೋಡಬೇಕು. ಹೊಕ್ಕಿನ ಏರುಪೇರಿಗೆ ಕೈ ಹಾಕಲೇಬಾರದು. ಆ ವರದಿ ಮೊದಲು ನೇಕಾರರ ಕೈಗೆ ಹೋಗಬೇಕು.

---

ಇಳಕಲ್ಲ ಮಗ್ಗ

ಹಂಗಾದ್ರ ಒಪ್ಪತೇನ್ರಿ. ವರದಿ ಮೊದಲು ನಮ್ಮ ಕೈಗೆ ಅನ್ನೂದನ್ನ ಬರದ ಇಡ್ರಿ.

---

ನೂಲೆಳೆ

ಎಲ್ಲರಿಗೂ ಸುದ್ದಿ ಹೇಳಬೇಕು. ಹಿಂಬೆಳಕು ಹಾಕಿ, ಕಪ್ಪುಬಿಳುಪು ಕ್ಯಾಮೆರಾ 15 ಸೆಂ.ಮೀ.ಗೆ ಇಳಿಸಿದೆ. ಗುಲಾಬಿ-ಹಸಿರು ಹೋಯ್ತು. ಓರೆ ಸರಿಮಾಡಿ ಹೊಕ್ಕಿನ ದಿಕ್ಕಿನಲ್ಲಿ ಸರಾಸರಿ ತೆಗೆದಾಗ ತಪ್ಪಿದ ಎಳೆ ಚೂಪಾದ ಮೊನೆಯಾಗಿ ಬಂತು. ಚಿಕ್ಕಪ್ಪ ಗುರುತು ಹಾಕಿದ್ದ ಹೆಚ್ಚಿನ ಪಟ್ಟೆಗಳು ಗ್ರಾಫ್‌ನಲ್ಲಿ ಇವೆ. ಉದ್ದಕ್ಕೆ ಜೋಡಿಸಿ ನೋಡಿದ್ರೆ ಒಂದು ಮಗ್ಗದ ಬಟ್ಟೆಯಲ್ಲಿ ಪಟ್ಟೆ ಸಮ ಅಂತರಕ್ಕೆ ಬರ್ತಿದೆ. ಅಂತರ ಟೇಕಪ್ ರೋಲರ್ ಸುತ್ತಳತೆಗೆ ಹೊಂದಲ್ಲ, ಸಣ್ಣದು. ಗೇರ್ ಪಟ್ಟಿ ಹುಡುಕ್ತಿದ್ದೀನಿ, ಲಾಳಿಸದ್ದು ಅಣ್ಣ, ನಿಮಗೆ ಪ್ರತ್ಯೇಕ ಸಂದೇಶ ಹಾಕಿದ್ದೀನಿ.

ಬಗೆಹರಿಯದ್ದು ಒಂದಿದೆ. ಜರಿ ಅಂಚು ಇರೋ ಬಟ್ಟೆಗೆ ಕಲೆ ನೋಡೋಕೆ ಮೇಲಿನ ಬೆಳಕೂ ಬೇಕು. ಆಗ ಜರಿ ಹೊಳೆದು ಚಿತ್ರ ಪೂರ್ತಿ ಬಿಳಿಯಾಗುತ್ತೆ. ಲೆನ್ಸ್‌ಗೆ ಪೋಲರೈಸರ್ (ಒಂದೇ ದಿಕ್ಕಿನಲ್ಲಿ ಕಂಪಿಸೋ ಬೆಳಕನ್ನಷ್ಟೇ ಬಿಡೋ ಫಿಲ್ಟರ್) ಹಾಕಿದೆ, ಏನೂ ಬದಲಾಗ್ಲಿಲ್ಲ.

---

ಬೆಳಕಿನಕೋನ

ಲೆನ್ಸ್‌ಗೆ ಮಾತ್ರ ಹಾಕಿದರೆ ಲೋಹದ ಹೊಳಪು ಹೋಗುವುದಿಲ್ಲ. ನೀರು, ಗಾಜಿನ ಹಾಗೆ ಲೋಹ ತಾನಾಗಿ ಬೆಳಕನ್ನು ಅಷ್ಟಾಗಿ ಧ್ರುವೀಕರಿಸುವುದಿಲ್ಲ. ದೀಪದ ಮುಂದೆಯೂ ಒಂದು ಪೋಲರೈಸರ್ ಹಾಳೆ ಹಾಕಿ, ಲೆನ್ಸ್‌ನದನ್ನು ಅದಕ್ಕೆ 90 ಡಿಗ್ರಿ ತಿರುಗಿಸಿ. ಜರಿಯಿಂದ ನೇರ ಪುಟಿದ ಬೆಳಕು ತನ್ನ ಕಂಪನದ ದಿಕ್ಕು ಉಳಿಸಿಕೊಂಡೇ ಬರುತ್ತದೆ, ಅದು ಲೆನ್ಸ್‌ನಲ್ಲಿ ತಡೆಯುತ್ತದೆ. ರೇಷ್ಮೆಯೊಳಗೆ ನುಗ್ಗಿ ಚೆದುರಿ ಬಂದ ಬೆಳಕು ದಿಕ್ಕು ಕಳೆದುಕೊಂಡಿರುವುದರಿಂದ ಅರ್ಧ ದಾಟುತ್ತದೆ.

ಎರಡು ಪರಿಣಾಮ ನೆನಪಿಡಿ. ಒಟ್ಟು ಬೆಳಕು ಬಹಳ ಕಮ್ಮಿಯಾಗುತ್ತದೆ, ದೀಪದ ಶಕ್ತಿ ಹೆಚ್ಚಿಸಬೇಕು. ಜರಿ ಈಗ ಬಿಳಿಯ ಬದಲು ಕಪ್ಪಾಗಿ ಕಾಣುತ್ತದೆ, ಅಲ್ಲಿಯ ದೋಷ ಈ ಚಿತ್ರದಲ್ಲಿ ಸಿಗದು. ಅಂಚನ್ನು ಬೇರೆ ಮಾಡಿ, ಅದಕ್ಕೆ ವಿನ್ಯಾಸದ ಒಂದು ಆವರ್ತನೆಯನ್ನು ಹಿಂದಿನ ಆವರ್ತನೆಯ ಜೊತೆ ಹೊಂದಿಸಿ ಕಳೆಯುವ ಲೆಕ್ಕ ಹಾಕಿ. ಒಂದು ಅಂಚಿನ ಚಿತ್ರ ಇಲ್ಲಿ ಹಾಕಿದರೆ ಹೊಂದಿಸುವುದು ಹೇಗೆ ಅಂತ ಅದರ ಮೇಲೇ ತೋರಿಸುತ್ತೇನೆ.